ಉದ್ದನೆಯ ಸ್ಪ್ಯಾನಿಷ್ ಪದವನ್ನು ಒಡೆದು ಓದುವುದು ಹೇಗೆ: ಉಚ್ಚಾರಾಂಶಗಳ ವಿಭಜನೆ ಮತ್ತು ಸ್ವರಾಘಾತ

ಸ್ಪ್ಯಾನಿಷ್ ಕಲಿಯಲು ಆರಂಭಿಸಿದ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಚಿಕ್ಕ ಪದಗಳನ್ನು ಹೇಗೋ ಓದಿಬಿಡುತ್ತೇವೆ. ಇಪ್ಪತ್ತು ಅಕ್ಷರಗಳ ಪದ ಎದುರಾದಾಗ ಅದನ್ನು ಎಲ್ಲಿ ಒಡೆಯಬೇಕು, ಯಾವ ಭಾಗವನ್ನು ಗಟ್ಟಿಯಾಗಿ ನುಡಿಯಬೇಕು ಎಂಬುದು ಮಾತ್ರ ತೋಚುವುದಿಲ್ಲ. ಸ್ಪ್ಯಾನಿಷ್ ಬರವಣಿಗೆ ಈ ವಿಷಯದಲ್ಲಿ ಕಲಿಯುವವರಿಗೆ ತುಂಬ ಅನುಕೂಲವಾಗಿದೆ. ಹಿಂದೆಂದೂ ಕಿವಿಗೆ ಬೀಳದ ಪದವನ್ನೂ ಅದರ ಕಾಗುಣಿತವನ್ನಷ್ಟೇ ನೋಡಿ ಸರಿಯಾಗಿ ಓದಬಹುದು. ಆದರೆ ಕೆಲಸ ಒಂದು ಕ್ರಮದಲ್ಲಿ ನಡೆಯಬೇಕು: ಮೊದಲು ಸ್ವರಗಳು, ಆಮೇಲೆ ವ್ಯಂಜನಗಳು, ಕಟ್ಟಕಡೆಗೆ ಸ್ವರಾಘಾತ. ನನಗೆ ಬರುವ ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಈ ಕ್ರಮವನ್ನು ತಿರುವುಮುರುವು ಮಾಡಿ, ಪದ ಒಡೆಯುವ ಮೊದಲೇ ಸ್ವರಾಘಾತವನ್ನು ಊಹಿಸಲು ಹೊರಟದ್ದರಿಂದ ಆದವು.

ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲ್ ಮತ್ತು ಸ್ಪ್ಯಾನಿಷ್ ಕಾಗುಣಿತವಿರುವ ಒಂದು ನಿಘಂಟು. ನಿಘಂಟು ಹಳೆಯದಾಗಿದ್ದರೆ ಒಂದು ಮಾತು ನೆನಪಿನಲ್ಲಿರಲಿ. ‘ಚ’ ಧ್ವನಿಯನ್ನು ಸೂಚಿಸುವ ಸಿ-ಎಚ್ ಜೋಡಿಯನ್ನೂ ಎರಡು ಎಲ್‌ಗಳ ಜೋಡಿಯನ್ನೂ 1994ರವರೆಗೆ ಅಕಾರಾದಿಯಲ್ಲಿ ಪ್ರತ್ಯೇಕ ಅಕ್ಷರಗಳೆಂದು ಇಡುತ್ತಿದ್ದರು, ಆದ್ದರಿಂದ ಅಂಥ ಪದಗಳು ಬೇರೆ ವಿಭಾಗದಲ್ಲಿ ಸಿಗಬಹುದು.

ಪಾರಿಭಾಷಿಕ ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಉಸಿರಿನ ತಳ್ಳಿಗೆ ಹೊರಡುವ, ಒಂದು ಸ್ವರವನ್ನು ನಡುವಿಟ್ಟುಕೊಂಡ ಧ್ವನಿಗುಂಪು ಉಚ್ಚಾರಾಂಶ. ಪದದಲ್ಲಿ ಉಳಿದವುಗಳಿಗಿಂತ ಗಟ್ಟಿಯಾಗಿ, ತುಸು ಎತ್ತರದ ಸ್ಥಾಯಿಯಲ್ಲಿ ಕೇಳಿಸುವ ಉಚ್ಚಾರಾಂಶದ ಮೇಲಿರುವುದು ಸ್ವರಾಘಾತ. ಕೆಲವು ಪದಗಳಲ್ಲಿ ಸ್ವರದ ನೆತ್ತಿಯ ಮೇಲೆ ಬಲಕ್ಕೆ ಏರಿದಂತೆ ಕಾಣುವ ಸಣ್ಣ ಗೀಟು ತಿಲ್ದೆ.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಉಚ್ಚಾರಾಂಶಗಳ ನಡುವೆ ಅಡ್ಡಗೆರೆಯಿದೆ. ಸ್ಪ್ಯಾನಿಷ್‌ನ ಮೊದಲ ಸ್ವರಕ್ಕೆ ಎಲ್ಲ ಕಡೆಯೂ ಆಕಾರವನ್ನೇ ಬಳಸಿರುವುದು ಅದರ ಧ್ವನಿ ನಮ್ಮ ‘ಆ’ಗೆ ಹತ್ತಿರವಿರುವ ಕಾರಣಕ್ಕೆ ಮಾತ್ರ. ಅದನ್ನು ಎಳೆಯಬಾರದು. ಮರಿ, ಮಾರಿ ಎಂಬಲ್ಲಿ ಹ್ರಸ್ವದೀರ್ಘಗಳು ಅರ್ಥವನ್ನೇ ಬದಲಿಸುವಂತೆ ಸ್ಪ್ಯಾನಿಷ್‌ನಲ್ಲಿ ಬದಲಿಸುವುದಿಲ್ಲ. ಎ, ಇ ಸ್ವರಗಳಿಗೆ ಮೊದಲು ಬರುವ ಸಿ ಅಕ್ಷರಕ್ಕೂ ಝಡ್ ಅಕ್ಷರಕ್ಕೂ ಲ್ಯಾಟಿನ್ ಅಮೆರಿಕದ ಉಚ್ಚಾರಣೆಯಂತೆ ‘ಸ’ ಬಳಸಿದ್ದೇನೆ. ಸ್ಪೇನಿನ ಬಹುಭಾಗದಲ್ಲಿ ಅದನ್ನು ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ನುಡಿಯುತ್ತಾರೆ. ವಿಭಜನೆಗೆ ಇದರಿಂದ ವ್ಯತ್ಯಾಸವಾಗದು.

ಹಂತ 1: ಸ್ವರಗಳನ್ನು ಗುರುತಿಸಿ

ಪದವನ್ನು ಬರೆದುಕೊಂಡು ಪ್ರತಿಯೊಂದು ಸ್ವರದ ಕೆಳಗೂ ಚುಕ್ಕೆಯಿಡಿ. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ. ಆ, ಎ, ಒ ಈ ಮೂರು ಬಲಿಷ್ಠ ಸ್ವರಗಳು. ಇ, ಉ ಎರಡು ದುರ್ಬಲ ಸ್ವರಗಳು. ಮುಂದಿನದೆಲ್ಲವೂ ಈ ವಿಂಗಡಣೆಯ ಮೇಲೆ ನಿಂತಿರುವುದರಿಂದ ಇದನ್ನು ಬಾಯಿಪಾಠ ಮಾಡಿಕೊಳ್ಳಿ.

ಚುಕ್ಕೆಯಿಡುವಾಗ ಎರಡು ಕಡೆ ಎಚ್ಚರ ಬೇಕು. ಕ್ಯೂ ಅಕ್ಷರದ ನಂತರ ಬರುವ ‘ಉ’ ಬರವಣಿಗೆಯಲ್ಲಿ ಮಾತ್ರ ಇರುತ್ತದೆ, ಬಾಯಲ್ಲಿ ಬರುವುದಿಲ್ಲ. ಜಿ ಅಕ್ಷರದ ನಂತರ ಉ-ಎ ಅಥವಾ ಉ-ಇ ಬಂದಾಗಲೂ ಹಾಗೆಯೇ: ಗಿಟಾರ್ ವಾದ್ಯದ ಹೆಸರು ಗಿ-ತಾ-ರ್ರಾ, ಅದರ ಮೊದಲ ಭಾಗದಲ್ಲಿ ಬರೆದ ‘ಉ’ಗೆ ಚುಕ್ಕೆಯಿಲ್ಲ. ಆದರೆ ಆ ‘ಉ’ ಮೇಲೆ ಜೋಡಿ ಚುಕ್ಕೆ ಇದ್ದರೆ ಅದನ್ನು ನುಡಿಯಲೇಬೇಕು. ಪೆಂಗ್ವಿನ್ ಹಕ್ಕಿಯ ಹೆಸರಾದ ಪಿನ್-ಗ್ವಿ-ನೊ ಹಾಗೆ. ಇನ್ನೊಂದು, ಪದದ ಕೊನೆಯಲ್ಲಿ ಬರುವ ವೈ ಅಕ್ಷರ. ಅದು ಅಲ್ಲಿ ‘ಇ’ ಸ್ವರದ ಕೆಲಸ ಮಾಡುತ್ತದೆ, ಆದ್ದರಿಂದ ಅದಕ್ಕೂ ಚುಕ್ಕೆ ಬೇಕು.

ಹಂತ 2: ಅಕ್ಕಪಕ್ಕದ ಸ್ವರಗಳನ್ನು ಕೂಡಿಸಿ ಅಥವಾ ಬಿಡಿಸಿ

ಕಲಿಯುವವರು ಹೆಚ್ಚು ಮುಗ್ಗರಿಸುವ ಹಂತ ಇದು. ಹಾಗೆಯೇ ಕನ್ನಡ ವ್ಯಾಕರಣ ಓದಿದವರಿಗೆ ಎಲ್ಲಕ್ಕಿಂತ ಸುಲಭವಾಗಬೇಕಾದ ಹಂತವೂ ಇದೇ.

ಎರಡು ಬಲಿಷ್ಠ ಸ್ವರಗಳು ಅಕ್ಕಪಕ್ಕ ಬಂದರೆ ಅವು ಕೂಡುವುದಿಲ್ಲ, ಒಂದೊಂದೂ ಬೇರೆ ಉಚ್ಚಾರಾಂಶವಾಗುತ್ತದೆ. ರಂಗಭೂಮಿ ಎಂಬರ್ಥದ ಪದ ತೆ-ಆ-ತ್ರೊ, ಕವಿ ಎಂಬುದಕ್ಕೆ ಪೊ-ಎ-ತಾ. ಇಂಥ ಬಿಡಿಸ್ವರಗಳಿಗೆ ಸ್ಪ್ಯಾನಿಷ್ ವ್ಯಾಕರಣದಲ್ಲಿ ಇಯಾತೊ ಎನ್ನುತ್ತಾರೆ.

ಒಂದು ಬಲಿಷ್ಠ, ಒಂದು ದುರ್ಬಲ ಬಂದರೆ, ಅಥವಾ ಎರಡು ಬೇರೆ ಬೇರೆ ದುರ್ಬಲ ಸ್ವರಗಳು ಬಂದರೆ, ಅವು ಕೂಡಿ ಒಂದೇ ಉಚ್ಚಾರಾಂಶವಾಗುತ್ತವೆ. ಈ ಜೋಡಿಸ್ವರವೇ ದಿಪ್ತೊಂಗೊ. ಯಣ್ ಸಂಧಿಯನ್ನು ಇಲ್ಲಿ ನೆನಪಿಸಿಕೊಳ್ಳಿ: ಅತಿ ಮತ್ತು ಅಂತ ಸೇರಿ ಅತ್ಯಂತ ಆಗುವಾಗ ಇಕಾರ ಯಕಾರವಾಗುತ್ತದೆ, ಮನು ಮತ್ತು ಅಂತರ ಸೇರಿ ಮನ್ವಂತರ ಆಗುವಾಗ ಉಕಾರ ವಕಾರವಾಗುತ್ತದೆ. ಬಲಿಷ್ಠ ಸ್ವರದ ಮುಂದೆ ನಿಂತ ಸ್ಪ್ಯಾನಿಷ್ ‘ಇ’, ‘ಉ’ಗಳಿಗೂ ಬಾಯಲ್ಲಿ ಆಗುವುದು ಅದೇ. ಹಾಗಾಗಿ ಬಾಗಿಲು ಎಂಬರ್ಥದ ಪದ ಪು-ಎರ್-ತಾ ಎಂದು ಮೂರು ತುಂಡಾಗದೆ ಪ್ವೆರ್-ತಾ ಎಂದು ಎರಡೇ ಆಗುತ್ತದೆ. ನಗರ ಎಂಬುದು ಸ್ಯು-ದಾದ್, ಎಚ್ಚರಿಕೆ ಎಂಬುದು ಕ್ವಿ-ದಾ-ದೊ. ದುರ್ಬಲ ಸ್ವರ ಹಿಂದೆ ಬಂದರೂ ಜೋಡಿ ಜೋಡಿಯೇ: ಗಾಳಿಗೆ ಆಯ್-ರೆ. ಎರಡು ದುರ್ಬಲಗಳ ನಡುವೆ ಒಂದು ಬಲಿಷ್ಠ ಸಿಕ್ಕಿಕೊಂಡರೆ ಮೂರೂ ಸೇರಿ ಒಂದೇ ಉಚ್ಚಾರಾಂಶವಾಗುವುದುಂಟು. ಉರುಗ್ವೆ ದೇಶದ ಹೆಸರು ಸ್ಪ್ಯಾನಿಷ್‌ನಲ್ಲಿ ಉ-ರು-ಗ್ವಾಯ್.

ಇದಕ್ಕೆ ಇರುವ ಒಂದು ಅಪವಾದವನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ಬಲಿಷ್ಠ ಸ್ವರದ ಪಕ್ಕದ ದುರ್ಬಲ ಸ್ವರದ ಮೇಲೆ ತಿಲ್ದೆ ಇದ್ದರೆ ಸಂಧಿಯಿಲ್ಲ. ಸ್ವರಾಘಾತ ಅದೇ ಸ್ವರದ ಮೇಲೆ ನಿಂತಿರುವುದರಿಂದ ಅದು ಯಕಾರವಾಗಿಯೋ ವಕಾರವಾಗಿಯೋ ಕರಗದೆ ತಾನೇ ಒಂದು ಉಚ್ಚಾರಾಂಶವಾಗಿ ಉಳಿಯುತ್ತದೆ. ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾ-ಬ್ಯಾ ಎಂದರೆ ಜ್ಞಾನಿಯಾದವಳು. ಸಾ-ಬಿ-ಆ ಎಂದರೆ ತಿಳಿದಿತ್ತು ಎಂಬ ಕ್ರಿಯಾಪದ. ಎರಡರಲ್ಲೂ ಅವೇ ಐದು ಅಕ್ಷರಗಳಿವೆ, ವ್ಯತ್ಯಾಸ ‘ಇ’ ಮೇಲಿನ ಒಂದು ಗೀಟಿನದು. ಅದೊಂದರಿಂದ ಉಚ್ಚಾರಾಂಶಗಳ ಸಂಖ್ಯೆ ಎರಡರಿಂದ ಮೂರಕ್ಕೆ ಏರಿತು, ಸ್ವರಾಘಾತ ಜಾಗ ಬದಲಿಸಿತು, ಅರ್ಥ ಬೇರೆಯಾಯಿತು. ತಿಲ್ದೆ ಬಲಿಷ್ಠ ಸ್ವರದ ಮೇಲಿದ್ದರೆ ಮಾತ್ರ ಜೋಡಿ ಒಡೆಯುವುದಿಲ್ಲ: ಬಾವಲಿಗೆ ಮುರ್-ಸ್ಯೆ-ಲಾ-ಗೊ. ತಿಲ್ದೆ ಕಂಡ ಕೂಡಲೇ ಸ್ವರಗಳನ್ನು ಬಿಡಿಸಿಬಿಡುವ ಅಭ್ಯಾಸ ಹಲವರಿಗಿದೆ. ಅದು ಯಾವ ಸ್ವರದ ಮೇಲಿದೆ ಎಂಬುದನ್ನು ಮೊದಲು ನೋಡಬೇಕು.

ಸ್ವರಗಳ ನಡುವಿನ ಎಚ್ ಅಕ್ಷರಕ್ಕೆ ಧ್ವನಿಯಿಲ್ಲ, ಅದರಿಂದ ಗೋಡೆ ಕಟ್ಟಿದಂತೆ ಆಗುವುದೂ ಇಲ್ಲ. ನಿಷೇಧಿಸು ಎಂಬ ಕ್ರಿಯಾಪದದಲ್ಲಿ ಒ ಮತ್ತು ಇ ನಡುವೆ ಎಚ್ ಇದ್ದರೂ ಅದು ಪ್ರೊಯ್-ಬಿರ್ ಎಂದು ಎರಡೇ ಭಾಗವಾಗುತ್ತದೆ. ಗೂಬೆಗೆ ಬು-ಒ ಎಂದು ಬಿಡಿಸುವುದು ಎಚ್ ಇರುವ ಕಾರಣಕ್ಕಲ್ಲ, ‘ಉ’ ಮೇಲೆ ತಿಲ್ದೆ ಇರುವ ಕಾರಣಕ್ಕೆ.

ಕೆಲವು ಪದಗಳಲ್ಲಿ ಸ್ಪ್ಯಾನಿಷ್ ಮಾತೃಭಾಷೆಯವರೇ ಇಬ್ಭಾಗವಾಗುತ್ತಾರೆ. ಅಡ್ಡಗೆರೆ ಎಂಬರ್ಥದ ಪದವನ್ನು ಕೆಲವರು ಗ್ಯೊನ್ ಎಂದು ಒಂದೇ ಭಾಗವಾಗಿಯೂ ಕೆಲವರು ಗಿ-ಒನ್ ಎಂದು ಎರಡಾಗಿಯೂ ನುಡಿಯುತ್ತಾರೆ. 1713ರಲ್ಲಿ ಸ್ಥಾಪನೆಯಾದ, ಸ್ಪೇನಿನ ಭಾಷಾ ಅಕಾಡೆಮಿಯಾದ ರೆಯಾಲ್ ಅಕಾದೆಮಿಯಾ ಎಸ್ಪಾಞೊಲಾ ಮತ್ತು ಇತರ ದೇಶಗಳ ಅಕಾಡೆಮಿಗಳು 2010ರ ಕಾಗುಣಿತ ಗ್ರಂಥದಲ್ಲಿ ಇದನ್ನು ಇತ್ಯರ್ಥಪಡಿಸಿವೆ: ಬಾಯಲ್ಲಿ ಹೇಗೆ ನುಡಿದರೂ ಬರವಣಿಗೆಯ ಲೆಕ್ಕಕ್ಕೆ ಅದು ಜೋಡಿಸ್ವರವೇ, ಆದ್ದರಿಂದ ತಿಲ್ದೆ ಇಲ್ಲ. ನೀವೂ ಈ ನಿಯಮವನ್ನೇ ಹಿಡಿದರೆ ಗೊಂದಲವಿರುವುದಿಲ್ಲ.

ಹಂತ 3: ವ್ಯಂಜನಗಳನ್ನು ಹಂಚಿ

ವ್ಯಂಜನಗಳಿಗೆ ಪುಸ್ತಕಗಳು ನಾಲ್ಕೈದು ನಿಯಮ ಕೊಡುತ್ತವೆ. ನಾನು ಒಂದನ್ನೇ ಹೇಳಿಕೊಡುತ್ತೇನೆ, ಎಲ್ಲ ನಿಯಮಗಳೂ ಅದರೊಳಗಿವೆ.

ಮೊದಲು ಈ 12 ಜೋಡಿಗಳನ್ನು ಕಲಿತುಕೊಳ್ಳಿ: ಪ್ರ, ಪ್ಲ, ಬ್ರ, ಬ್ಲ, ಫ್ರ, ಫ್ಲ, ಕ್ರ, ಕ್ಲ, ಗ್ರ, ಗ್ಲ, ತ್ರ, ದ್ರ. ಇವು ಒಡೆಯುವುದಿಲ್ಲ. ಈಗ ಎರಡು ಸ್ವರಗಳ ನಡುವಿನ ವ್ಯಂಜನಗುಂಪನ್ನು ಅದರ ಕೊನೆಯಿಂದ ನೋಡಿ. ಕೊನೆಯ ಎರಡು ವ್ಯಂಜನಗಳು ಈ 12ರಲ್ಲಿ ಒಂದಾಗಿದ್ದರೆ ಎರಡೂ ಮುಂದಿನ ಸ್ವರಕ್ಕೆ ಸೇರುತ್ತವೆ; ಇಲ್ಲದಿದ್ದರೆ ಕೊನೆಯದೊಂದೇ ಮುಂದಕ್ಕೆ ಹೋಗುತ್ತದೆ. ಗುಂಪಿನಲ್ಲಿ ಉಳಿದದ್ದು, ಒಂದಿರಲಿ ಎರಡಿರಲಿ, ಹಿಂದಿನ ಸ್ವರಕ್ಕೆ.

ಪ್ರಯೋಗಿಸಿ ನೋಡೋಣ. ಮನೆ: ಕಾ-ಸಾ, ಇರುವ ಒಂದು ವ್ಯಂಜನ ಮುಂದಕ್ಕೆ ಹೋಯಿತು. ದ್ವೀಪ: ಇಸ್-ಲಾ, ಸ್ಲ ಪಟ್ಟಿಯಲ್ಲಿಲ್ಲ. ತಂದೆ: ಪಾ-ದ್ರೆ, ದ್ರ ಪಟ್ಟಿಯಲ್ಲಿದೆ. ಕೊಳ್ಳುವುದು: ಕೊಮ್-ಪ್ರಾರ್. ಸ್ಥಿರವಾದದ್ದು: ಕೊನ್ಸ್-ತಾನ್-ತೆ, ಇಲ್ಲಿ ನ್, ಸ್, ತ್ ಮೂರು ಒಟ್ಟಿಗೆ ಬಂದಿವೆ, ಸ್ತ ಪಟ್ಟಿಯಲ್ಲಿಲ್ಲದ ಕಾರಣ ತ್ ಒಂದೇ ಮುಂದಕ್ಕೆ ಹೋಗಿ ಉಳಿದೆರಡು ಹಿಂದೆ ನಿಂತವು. ಕಟ್ಟಡ ನಿರ್ಮಾಣ: ಕೊನ್ಸ್-ತ್ರುಕ್-ಸ್ಯೊನ್, ಇಲ್ಲಿ ನಾಲ್ಕು ವ್ಯಂಜನಗಳಿದ್ದರೂ ಅದೇ ನಿಯಮ ಸಾಕಾಯಿತು.

ಕನ್ನಡಿಗರಿಗೆ ಇಲ್ಲಿ ಕಣ್ಣು ಮೋಸ ಮಾಡುತ್ತದೆ, ಕಿವಿ ಮಾಡುವುದಿಲ್ಲ. ನಮ್ಮ ಲಿಪಿಯಲ್ಲಿ ಪುಸ್ತಕ ಎಂದು ಬರೆದಾಗ ಸ್ತ ಒಟ್ಟಿಗೇ ಕಾಣುತ್ತದೆ. ಹಾಗಾಗಿ ಶಾಲೆ ಎಂಬರ್ಥದ ಎಸ್-ಕ್ವೆ-ಲಾ ಪದವನ್ನು ಎ-ಸ್ಕ್ವೆ-ಲಾ ಎಂದು ಒಡೆಯುವ ಮನಸ್ಸಾಗುತ್ತದೆ. ಆದರೆ ಪ್ರಸ್ತಾರ ಹಾಕುವಾಗ ಪುಸ್ತಕದ ‘ಪು’ ಗುರುವಾಗುವುದು ಏಕೆಂದು ಯೋಚಿಸಿ. ಒತ್ತಕ್ಷರದ ಅರ್ಧ ವ್ಯಂಜನ ಹಿಂದಿನ ಅಕ್ಷರಕ್ಕೆ ಒರಗಿಕೊಳ್ಳುವುದರಿಂದ ತಾನೆ? ಸ್ಪ್ಯಾನಿಷ್‌ನ ಸಕಾರ ಒರಗುವುದೂ ಹಾಗೆಯೇ. ಆ ಭಾಷೆಯಲ್ಲಿ ಯಾವ ಉಚ್ಚಾರಾಂಶವೂ ‘ಸ’ಕಾರದ ಒತ್ತಕ್ಷರದಿಂದ, ಅಂದರೆ ಸ್ಕ, ಸ್ತ, ಸ್ಪಗಳಿಂದ, ಆರಂಭವಾಗುವುದಿಲ್ಲ.

ಇನ್ನು ನಾಲ್ಕು ಸೂಕ್ಷ್ಮಗಳು. ಸಿ-ಎಚ್, ಎರಡು ಎಲ್, ಎರಡು ಆರ್ ಇವು ಕಾಗುಣಿತದಲ್ಲಿ ಎರಡಕ್ಷರವಾದರೂ ಧ್ವನಿ ಒಂದೇ ಆದ್ದರಿಂದ ಒಡೆಯಬಾರದು: ಬೀದಿಗೆ ಕಾ-ಯೆ, ನಾಯಿಗೆ ಪೆ-ರ್ರೊ. ಆದರೆ ಎರಡು ಸಿ ಬಂದಾಗ ಧ್ವನಿಯೂ ಎರಡು, ಆಗ ನಡುವೆ ಒಡೆಯಬೇಕು. ಎಕ್ಸ್ ಅಕ್ಷರ ಸ್ವರಗಳ ನಡುವೆ ಬಂದರೆ ಬರವಣಿಗೆಯಲ್ಲಿ ಇಡಿಯಾಗಿ ಮುಂದಿನ ಸ್ವರಕ್ಕೆ ಸೇರುತ್ತದೆ, ಬಾಯಲ್ಲಿ ಮಾತ್ರ ಅದರ ಕ್ ಹಿಂದಕ್ಕೂ ಸ್ ಮುಂದಕ್ಕೂ ಹಂಚಿಹೋಗುತ್ತದೆ. ತ್ ಮತ್ತು ಲ್ ಜೋಡಿ ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ: ಕ್ರೀಡಾಪಟುವನ್ನು ಸ್ಪೇನಿನ ಹೆಚ್ಚಿನ ಕಡೆ ಆತ್-ಲೆ-ತಾ ಎಂದರೆ ಮೆಕ್ಸಿಕೊದಲ್ಲಿ ಆ-ತ್ಲೆ-ತಾ ಎನ್ನುತ್ತಾರೆ, ಎರಡೂ ಸರಿ. ಕೊನೆಯದಾಗಿ, ಅಡಿಗೆರೆ ಎಳೆಯುವುದು ಎಂಬರ್ಥದ ಸುಬ್-ರಾ-ಯಾರ್ ಪದದಲ್ಲಿ ಬ್ರ ಕಂಡರೂ ಅದು ಜೋಡಿಯಲ್ಲ. ‘ಸುಬ್’ ಎಂಬ ಉಪಸರ್ಗ ತನ್ನ ಬಕಾರವನ್ನು ತಾನೇ ಇಟ್ಟುಕೊಳ್ಳುತ್ತದೆ.

ಸಾಲಿನ ಕೊನೆಯಲ್ಲಿ ಪದ ಮುರಿಯುವುದನ್ನೂ ಉಚ್ಚಾರಾಂಶ ವಿಭಜನೆಯನ್ನೂ ಒಂದೇ ಎಂದುಕೊಳ್ಳಬೇಡಿ. ಮುದ್ರಣದಲ್ಲಿ ಒಂಟಿ ಸ್ವರವನ್ನು ಸಾಲಿನ ಕೊನೆಯಲ್ಲಿ ಬಿಡುವುದಿಲ್ಲ, ಬಿಡಿಸ್ವರಗಳ ನಡುವೆಯೂ ಮುರಿಯುವುದಿಲ್ಲ. ಆದ್ದರಿಂದ ಅಚ್ಚಾದ ಪುಟದಲ್ಲಿ ಕಂಡ ಅಡ್ಡಗೆರೆಯನ್ನು ನೋಡಿ ನಿಮ್ಮ ಉತ್ತರವನ್ನು ತಿದ್ದಿಕೊಳ್ಳಲು ಹೋಗಬಾರದು.

ಹಂತ 4: ಕೊನೆಯಿಂದ ಎಣಿಸಿ ಸ್ವರಾಘಾತ ಗೊತ್ತುಮಾಡಿ

ಪದ ಎಷ್ಟೇ ಉದ್ದವಿರಲಿ, ಸ್ವರಾಘಾತವನ್ನು ಹುಡುಕುವುದು ಅದರ ಬಾಲದ ಕಡೆಯಿಂದ. ಕೊನೆಯ ಉಚ್ಚಾರಾಂಶದ ಮೇಲೆ ಸ್ವರಾಘಾತವಿರುವ ಪದ ಆಗುದಾ, ಕೊನೆಯಿಂದ ಎರಡನೆಯದರ ಮೇಲಿದ್ದರೆ ಯಾನಾ, ಮೂರನೆಯದರ ಮೇಲಿದ್ದರೆ ಎಸ್ದ್ರುಹುಲಾ, ಅದಕ್ಕೂ ಹಿಂದಿದ್ದರೆ ಸೊಬ್ರೆಸ್ದ್ರುಹುಲಾ. ಓದುವಾಗ ಮೂರು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಿಕೊಳ್ಳಿ.

ತಿಲ್ದೆ ಇದೆಯೇ? ಇದ್ದರೆ ಸ್ವರಾಘಾತ ಅಲ್ಲಿಯೇ, ಮುಂದೆ ನೋಡುವ ಅಗತ್ಯವಿಲ್ಲ. ಇಲ್ಲವಾದರೆ, ಪದದ ಕೊನೆಯ ಅಕ್ಷರ ಸ್ವರವೋ, ಎನ್ ಅಥವಾ ಎಸ್ ಆಗಿದೆಯೋ? ಹಾಗಿದ್ದರೆ ಸ್ವರಾಘಾತ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ. ಬೇರೆ ಯಾವುದೇ ವ್ಯಂಜನವಾಗಿದೆಯೋ? ಹಾಗಿದ್ದರೆ ಕೊನೆಯದರ ಮೇಲೆ. ಜವಾಬ್ದಾರಿ ಎಂಬರ್ಥದ ರೆಸ್-ಪೊನ್-ಸಾ-ಬಿ-ಲಿ-ದಾದ್ ದಕಾರದಲ್ಲಿ ಮುಗಿಯುವುದರಿಂದ ಕೊನೆಯ ಭಾಗ ಗಟ್ಟಿಯಾಯಿತು. ಕೊನೆಯ ವೈ ಈ ಲೆಕ್ಕಕ್ಕೆ ಮಾತ್ರ ವ್ಯಂಜನ. ಉ-ರು-ಗ್ವಾಯ್ ತಿಲ್ದೆಯಿಲ್ಲದೆಯೂ ಆಗುದಾ ಆಗಿರುವುದು ಅದಕ್ಕೇ.

ಎನ್ ಮತ್ತು ಎಸ್ ಎರಡಕ್ಕೇ ಏಕೆ ಈ ಸ್ಥಾನ ಎಂದು ಹಲವರು ಕೇಳುತ್ತಾರೆ. ನಾಮಪದಗಳ ಬಹುವಚನವೂ ಕ್ರಿಯಾಪದಗಳ ಹಲವು ರೂಪಗಳೂ ಈ ಎರಡು ಅಕ್ಷರಗಳಿಂದಲೇ ಮುಗಿಯುತ್ತವೆ. ಕಾ-ಸಾ ಬಹುವಚನದಲ್ಲಿ ಕಾ-ಸಾಸ್ ಆಗುತ್ತದೆ. ಮಾತಾಡುತ್ತಾನೆ ಎಂಬ ಆ-ಬ್ಲಾ, ಮಾತಾಡುತ್ತಾರೆ ಎಂಬಲ್ಲಿ ಆ-ಬ್ಲಾನ್ ಆಗುತ್ತದೆ. ಪ್ರತ್ಯಯ ಸೇರಿದರೂ ಸ್ವರಾಘಾತ ಕದಲುವುದಿಲ್ಲ, ಹಾಗಾಗಿ ತಿಲ್ದೆಯ ಅಗತ್ಯವೂ ಬೀಳುವುದಿಲ್ಲ.

ಹಂತ 5: ಬರೆಯುವಾಗ ತಿಲ್ದೆ ಎಲ್ಲಿ?

ಮೇಲಿನ ನಿಯಮವನ್ನು ಮೀರಿದ ಪದಕ್ಕೆ ತಿಲ್ದೆ ಬೇಕು, ಪಾಲಿಸಿದ ಪದಕ್ಕೆ ಬೇಡ. ಆಗುದಾ ಪದ ಸ್ವರ, ಎನ್ ಅಥವಾ ಎಸ್‌ನಲ್ಲಿ ಮುಗಿದರೆ ತಿಲ್ದೆ ಹಾಕಿ. ಯಾನಾ ಪದ ಇವುಗಳಲ್ಲದ ವ್ಯಂಜನದಲ್ಲಿ ಮುಗಿದರೆ ಹಾಕಿ. ಎಸ್ದ್ರುಹುಲಾ ಮತ್ತು ಸೊಬ್ರೆಸ್ದ್ರುಹುಲಾ ಪದಗಳಿಗೆ ಯಾವಾಗಲೂ ಹಾಕಿ. ಇದರ ಬೆಲೆ ತಿಳಿಯಬೇಕಾದರೆ ಈ ಮೂರು ಪದಗಳನ್ನು ಬಾಯಿಬಿಟ್ಟು ಓದಿ: ತೆರ್-ಮಿ-ನೊ ಎಂದರೆ ಅವಧಿಯ ಕೊನೆ ಅಥವಾ ಪಾರಿಭಾಷಿಕ ಪದ, ತೆರ್-ಮಿ-ನೊ ಎಂದರೆ ನಾನು ಮುಗಿಸುತ್ತೇನೆ, ತೆರ್-ಮಿ-ನೊ ಎಂದರೆ ಅವನು ಮುಗಿಸಿದನು. ಮೊದಲನೆಯದರಲ್ಲಿ ಎಕಾರದ ಮೇಲೆ, ಮೂರನೆಯದರಲ್ಲಿ ಒಕಾರದ ಮೇಲೆ ತಿಲ್ದೆ ಇದೆ. ನಡುವಿನದು ಸ್ವರದಲ್ಲಿ ಮುಗಿಯುವ ಯಾನಾ ಪದ, ಅದಕ್ಕೆ ತಿಲ್ದೆ ಇಲ್ಲ.

ಸಾ-ಬಿ-ಆ ಮಾದರಿಯ ಪದಗಳು ಈ ಲೆಕ್ಕಕ್ಕೆ ಒಳಪಡುವುದಿಲ್ಲ. ಬಲಿಷ್ಠ ಸ್ವರದ ಪಕ್ಕದ ದುರ್ಬಲ ಸ್ವರದ ಮೇಲೆ ಸ್ವರಾಘಾತ ಬಿದ್ದರೆ ಪದದ ಕೊನೆ ಏನೇ ಇರಲಿ ತಿಲ್ದೆ ಬರಲೇಬೇಕು. ಪೆಟಾರಿ ಎಂಬರ್ಥದ ಬಾ-ಉಲ್ ಲಕಾರದಲ್ಲಿ ಮುಗಿಯುವ ಆಗುದಾ. ಸಾಮಾನ್ಯ ನಿಯಮದಂತೆ ಅದಕ್ಕೆ ತಿಲ್ದೆ ಬೇಕಿರಲಿಲ್ಲ, ಆದರೂ ‘ಉ’ ಮೇಲೆ ಇದೆ.

ಹಂತ 6: ಪ್ರತ್ಯಯ ಸೇರಿದಾಗ ಮತ್ತೆ ಎಣಿಸಿ

ಉದ್ದ ಪದಗಳು ಹೆಚ್ಚಾಗಿ ಪ್ರತ್ಯಯ ಸೇರಿಯೇ ಉದ್ದವಾಗಿರುತ್ತವೆ. ಸ್ವರಾಘಾತ ಇದ್ದಲ್ಲಿಯೇ ಇದ್ದರೂ ಕೊನೆಯಿಂದ ಅದರ ಸ್ಥಾನ ಬದಲಾಗುವುದರಿಂದ ತಿಲ್ದೆ ಬರುವುದೋ ಹೋಗುವುದೋ ಉಂಟು. ರಾಷ್ಟ್ರ ಎಂಬ ನಾ-ಸ್ಯೊನ್ ಪದದ ತಿಲ್ದೆ ಬಹುವಚನದ ನಾ-ಸ್ಯೊ-ನೆಸ್‌ನಲ್ಲಿ ಹೋಗುತ್ತದೆ. ತರುಣ ಎಂಬ ಹೊ-ಬೆನ್ ಪದಕ್ಕೆ ತಿಲ್ದೆ ಇಲ್ಲ, ಬಹುವಚನದ ಹೊ-ಬೆ-ನೆಸ್‌ಗೆ ಇದೆ. ಆಡಳಿತ ವ್ಯವಸ್ಥೆ ಎಂಬ ರೆ-ಹಿ-ಮೆನ್ ಬಹುವಚನದಲ್ಲಿ ಸ್ವರಾಘಾತವನ್ನೇ ಮುಂದಕ್ಕೆ ಸರಿಸಿಕೊಂಡು ರೆ-ಹಿ-ಮೆ-ನೆಸ್ ಆಗುತ್ತದೆ. ಕಾ-ರಾಕ್-ತೆರ್ ಎಂಬುದು ಕಾ-ರಾಕ್-ತೆ-ರೆಸ್ ಆಗುವುದೂ ಹೀಗೆಯೇ. ಇಂಥವು ಬೆರಳೆಣಿಕೆಯಷ್ಟೇ ಇವೆ, ನೆನಪಿಟ್ಟುಕೊಳ್ಳುವುದು ಲೇಸು.

‘ಮೆಂತೆ’ ಸೇರಿದ ಕ್ರಿಯಾವಿಶೇಷಣಗಳಲ್ಲಿ ಎರಡು ಸ್ವರಾಘಾತಗಳಿರುತ್ತವೆ: ಬೇಗನೆ ಎಂಬರ್ಥದ ರಾ-ಪಿ-ದಾ-ಮೆನ್-ತೆ. ಮೂಲ ವಿಶೇಷಣಕ್ಕೆ ತಿಲ್ದೆ ಇದ್ದರೆ ಅದನ್ನು ಹಾಗೆಯೇ ಉಳಿಸಿ, ಇಲ್ಲದಿದ್ದರೆ ಹೊಸದಾಗಿ ಹಾಕಬೇಡಿ. ಕ್ರಿಯಾಪದದ ಬಾಲಕ್ಕೆ ಸರ್ವನಾಮಗಳು ಅಂಟಿಕೊಂಡಾಗ ಸ್ವರಾಘಾತ ಬಹಳ ಹಿಂದೆ ಉಳಿದುಬಿಡುತ್ತದೆ. ಅದನ್ನು ಅವನಿಗೆ ವಿವರಿಸುತ್ತ ಎಂಬುದಕ್ಕೆ ಎಕ್ಸ್-ಪ್ಲಿ-ಕಾನ್-ದೊ-ಸೆ-ಲೊ. ಇದು ಸೊಬ್ರೆಸ್ದ್ರುಹುಲಾ, ತಿಲ್ದೆ ಕಡ್ಡಾಯ.

ಒಂದು ಪದವನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ

ಕುತ್ತಿಗೆಯ ಒಂದು ಸ್ನಾಯುವಿನ ಹೆಸರು ಎಸ್ತೆರ್ನೊಕ್ಲೆಯ್ದೊಮಾಸ್ತೊಯ್ದೆಒ. ಕಾಗುಣಿತದಲ್ಲಿ 22 ಅಕ್ಷರಗಳಿವೆ. ಸ್ವರಗಳನ್ನು ಸಾಲಾಗಿ ಬರೆಯಿರಿ: ಎ, ಎ, ಒ, ಎ-ಇ, ಒ, ಆ, ಒ-ಇ, ಎ, ಒ. ಎ-ಇ ಮತ್ತು ಒ-ಇ ಬಲಿಷ್ಠ-ದುರ್ಬಲ ಜೋಡಿಗಳು, ತಿಲ್ದೆಯಿಲ್ಲ, ಕೂಡುತ್ತವೆ. ಕೊನೆಯ ಎ, ಒ ಎರಡೂ ಬಲಿಷ್ಠ, ಬೇರೆಯಾಗುತ್ತವೆ. ಅಲ್ಲಿಗೆ ಉಚ್ಚಾರಾಂಶ ಒಂಬತ್ತು. ವ್ಯಂಜನ ಮುಟ್ಟುವ ಮೊದಲೇ ಈ ಸಂಖ್ಯೆ ಗೊತ್ತಾಗಿರಬೇಕು. ಈಗ ವ್ಯಂಜನಗಳು: ಸ್ತ ಎರಡು ಕಡೆಯೂ ಒಡೆಯುತ್ತದೆ, ರ್ನ ಒಡೆಯುತ್ತದೆ, ಕ್ಲ ಒಡೆಯುವುದಿಲ್ಲ. ಎಸ್-ತೆರ್-ನೊ-ಕ್ಲೆಯ್-ದೊ-ಮಾಸ್-ತೊಯ್-ದೆ-ಒ. ತಿಲ್ದೆಯಿಲ್ಲ, ಕೊನೆ ಸ್ವರ, ಆದ್ದರಿಂದ ಸ್ವರಾಘಾತ ಎಂಟನೆಯ ಭಾಗವಾದ ‘ದೆ’ ಮೇಲೆ. ಕೊನೆಯ ಎರಡು ಸ್ವರಗಳನ್ನು ಕೂಡಿಸಿಬಿಟ್ಟವರು ಸ್ವರಾಘಾತವನ್ನು ‘ತೊಯ್’ ಮೇಲೆ ಹಾಕುತ್ತಾರೆ. ಎರಡನೆಯ ಹಂತದ ತಪ್ಪು ನಾಲ್ಕನೆಯ ಹಂತದಲ್ಲಿ ಬಯಲಾಗುವುದು ಹೀಗೆ.

ಓದುವಾಗ ಮೊದಲು ಕೊನೆಯ ಎರಡು ಭಾಗಗಳನ್ನು ಹೇಳಿ, ಆಮೇಲೆ ಒಂದೊಂದೇ ಭಾಗವನ್ನು ಹಿಂದಕ್ಕೆ ಸೇರಿಸುತ್ತ ಬನ್ನಿ: ದೆ-ಒ, ತೊಯ್-ದೆ-ಒ, ಮಾಸ್-ತೊಯ್-ದೆ-ಒ. ಗಟ್ಟಿ ಭಾಗ ಮೊದಲೇ ಬಾಯಿಗೆ ಕುಳಿತಿರುವುದರಿಂದ ಉದ್ದ ಬೆಳೆದರೂ ಅದು ಜಾರುವುದಿಲ್ಲ. ಸ್ವರಾಘಾತವಿಲ್ಲದ ಸ್ವರಗಳನ್ನು ಇಂಗ್ಲಿಷ್ ಪದಗಳಲ್ಲಿ ಮಾಡುವಂತೆ ನುಂಗಬೇಡಿ, ಒಂಬತ್ತು ಉಚ್ಚಾರಾಂಶಗಳೂ ಸ್ಪಷ್ಟವಾಗಿ ಕೇಳಿಸಬೇಕು.

ಇನ್ನು ಮೂರನ್ನು ನಿಘಂಟಿನಲ್ಲಿ ಹುಡುಕಿ ನೀವೇ ಒಡೆಯಿರಿ. ಕಿವಿ-ಮೂಗು-ಗಂಟಲು ವೈದ್ಯರ ಹೆಸರು, ಡಿಎನ್‌ಎ ಆಮ್ಲದ ಪೂರ್ಣ ವಿಶೇಷಣ, ಅಂತಾರಾಷ್ಟ್ರೀಕರಣ ಎಂಬ ಪದ. ಸರಿಯಾಗಿದ್ದರೆ ನಿಮ್ಮ ಹಾಳೆಯಲ್ಲಿ ಹೀಗಿರಬೇಕು: ಒ-ತೊ-ರ್ರಿ-ನೊ-ಲಾ-ರಿನ್-ಗೊ-ಲೊ-ಗೊ, ಒಂಬತ್ತು ಭಾಗ, ತಿಲ್ದೆ ಇರುವ ಎಸ್ದ್ರುಹುಲಾ, ದೆ-ಸೊ-ಕ್ಸಿ-ರ್ರಿ-ಬೊ-ನು-ಕ್ಲೆಯ್-ಕೊ, ಎಂಟು ಭಾಗ, ತಿಲ್ದೆಯಿಲ್ಲದ ಯಾನಾ, ಎಕ್ಸ್ ಅಕ್ಷರ ಬರವಣಿಗೆಯ ನಿಯಮದಂತೆ ಮುಂದಕ್ಕೆ, ಇನ್-ತೆರ್-ನಾ-ಸ್ಯೊ-ನಾ-ಲಿ-ಸಾ-ಸ್ಯೊನ್, ಎಂಟು ಭಾಗ, ಎನ್‌ನಲ್ಲಿ ಮುಗಿದು ತಿಲ್ದೆ ಪಡೆದ ಆಗುದಾ.